ಮೇಷ್ಟ್ರಿಗೂ ಒಂದು ಸಹಪಾಠಿ ತಟ್ಟೆ ಬೇಕು

ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯ ತನಕ ಹಾಜರಾದ ತರಬೇತಿಗಳನ್ನು ಬರೆಯುತ್ತ ಹೋದರೆ ಪಟ್ಟಿ ಒಂದು ಹಾಳೆಗೆ ಮುಗಿಯುವುದಿಲ್ಲ. ಚೈತನ್ಯ, ನಲಿ ಕಲಿ, ಗುರುಚೇತನ, ನಿಷ್ಠಾ, ಕಲಿಕಾ ಚೇತರಿಕೆ. ನಡುನಡುವೆ ಇಂಗ್ಲಿಷ್ ತರಬೇತಿ, ಕಂಪ್ಯೂಟರ್ ತರಬೇತಿ, ಪಠ್ಯಪುಸ್ತಕ ಬದಲಾದಾಗಲೆಲ್ಲ ಅದರದ್ದೊಂದು ತರಬೇತಿ. ಅದೇ ಶಿಕ್ಷಕರನ್ನು ಒಂದು ಪ್ರಶ್ನೆ ಕೇಳಿ ನೋಡಿ: ನಿಮ್ಮ ಪಕ್ಕದ ಕೋಣೆಯಲ್ಲಿ ಪಾಠ ಮಾಡುವವರ ತರಗತಿಯಲ್ಲಿ ಒಂದು ಪೂರ್ತಿ ಪಿರಿಯಡ್ ಕೂತು ನೋಡಿದ್ದೀರಾ? ಹೆಚ್ಚಿನವರು ಇಲ್ಲ ಎನ್ನುತ್ತಾರೆ. ಕೆಲವರಿಗೆ ಪ್ರಶ್ನೆಯೇ ವಿಚಿತ್ರವೆನಿಸುತ್ತದೆ. ಅವರ ಕ್ಲಾಸಿಗೆ ನಾನ್ಯಾಕೆ ಹೋಗಲಿ, ನನ್ನ ಕ್ಲಾಸನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ತಿರುಗಿ ಕೇಳುತ್ತಾರೆ.

ಚಿತ್ರದುರ್ಗ ಜಿಲ್ಲೆಯ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಗಣಿತ ಕಲಿಸಿ, ಕೊನೆಯ ವರ್ಷಗಳಲ್ಲಿ ಮುಖ್ಯ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು ನಾನು. ಒಂದೇ ಗೋಡೆಯ ಆಚೆ ಈಚೆ ನಿಂತು, ಒಂದೇ ಊರಿನ ಮಕ್ಕಳಿಗೆ ವರ್ಷಗಟ್ಟಲೆ ಪಾಠ ಮಾಡಿದವರು ಒಬ್ಬರ ಕೆಲಸವನ್ನು ಇನ್ನೊಬ್ಬರು ಕಣ್ಣಾರೆ ಕಾಣದೆ ಬೀಳ್ಕೊಡುಗೆ ಸಮಾರಂಭದಲ್ಲಿ ಶಾಲು ಹೊದಿಸಿಕೊಂಡು ಹೋಗುವುದನ್ನು ಬಹಳ ಸಲ ನೋಡಿದ್ದೇನೆ. ಅವರ ಜೊತೆ ಹೋದದ್ದು ಎಷ್ಟು ವಿದ್ಯೆ! ಭಾಗಾಕಾರ ಕಲಿಸಲು ಅವರೇ ಕಂಡುಕೊಂಡಿದ್ದ ಉಪಾಯ, ಒತ್ತಕ್ಷರಕ್ಕೆ ಹೆದರುವ ಮಗುವನ್ನು ಓದಿಸುವ ಜಾಣ್ಮೆ, ಗದ್ದಲದ ತರಗತಿಯನ್ನು ದನಿಯೇರಿಸದೆ ಸುಮ್ಮನಾಗಿಸುವ ಕಲೆ ಯಾವುದೂ ಕಡತದಲ್ಲಿ ಉಳಿಯುವುದಿಲ್ಲ. ಅವರ ಜಾಗಕ್ಕೆ ಬಂದವರು ಮತ್ತೆ ಸೊನ್ನೆಯಿಂದ ಶುರು ಮಾಡುತ್ತಾರೆ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಪ್ರತಿ ಶಾಲೆಯ ಟೈಮ್‌ಟೇಬಲ್‌ನಲ್ಲಿ, ಪ್ರತಿ ಶಿಕ್ಷಕರಿಗೂ ವಾರಕ್ಕೆ ಒಂದು ಪಿರಿಯಡ್ ಸಹೋದ್ಯೋಗಿಯ ತರಗತಿಯಲ್ಲಿ ಕೂತು ಕಲಿಯಲು ಮೀಸಲಾಗಬೇಕು. ತರಬೇತಿಗೆ ಖರ್ಚಾಗುವ ಹಣ, ಹೊತ್ತು ಎರಡೂ ಸಾರ್ಥಕವಾಗಬೇಕಾದರೆ ಇದಕ್ಕಿಂತ ಸುಲಭದ ದಾರಿ ನನಗೆ ಕಾಣುತ್ತಿಲ್ಲ.

ಶಿಕ್ಷಕರು ನಿರಂತರ ಕಲಿಯುತ್ತಿರಬೇಕು ಎಂಬುದರಲ್ಲಿ ಯಾರದೂ ತಕರಾರಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕು ಎಂದು ಹೇಳಿದೆ. ತೊಂದರೆ ಇರುವುದು ಆ ಗಂಟೆಗಳು ಎಲ್ಲಿ, ಹೇಗೆ ಕಳೆಯುತ್ತವೆ ಎಂಬಲ್ಲಿ. ರಾಜ್ಯ ಮಟ್ಟದಲ್ಲಿ ಕೆಲವರಿಗೆ ತರಬೇತಿ, ಅವರಿಂದ ಜಿಲ್ಲೆಯ ಸಂಪನ್ಮೂಲ ವ್ಯಕ್ತಿಗಳಿಗೆ, ಅಲ್ಲಿಂದ ತಾಲ್ಲೂಕಿಗೆ, ಕೊನೆಗೆ ನಮಗೆ. ಭದ್ರಾ ಕಾಲುವೆಯ ಕೊನೆ ಭಾಗದ ರೈತರ ಪಾಡು ನಮ್ಮ ಕಡೆಯವರಿಗೆ ಗೊತ್ತು. ಮೇಲಿನಿಂದ ನೀರು ಬಿಟ್ಟದ್ದು ನಿಜವೇ ಆದರೂ ಕೊನೆಯ ಗದ್ದೆ ಮುಟ್ಟುವಷ್ಟರಲ್ಲಿ ಅದು ತೇವ ಮಾತ್ರ. ತರಬೇತಿಯದೂ ಅದೇ ಕಥೆ. ತಾಲ್ಲೂಕಿನ ಸಭಾಂಗಣದಲ್ಲಿ ಪರದೆಯ ಮೇಲಿನ ಸಾಲುಗಳನ್ನು ಓದಿ ಹೇಳುತ್ತಾರೆ, ಹಾಜರಿ ಹಾಳೆ ಕೈಯಿಂದ ಕೈಗೆ ಹೋಗುತ್ತದೆ, ಚಹಾ ಬರುತ್ತದೆ, ಸಂಜೆ ಬಸ್ಸು ಹಿಡಿಯುವ ಆತುರ. ಕೋವಿಡ್ ನಂತರ ದೀಕ್ಷಾ ಆ್ಯಪ್‌ನಲ್ಲಿ ಆನ್‌ಲೈನ್ ಕೋರ್ಸುಗಳು ಹೆಚ್ಚಾದವು. ಅವುಗಳಲ್ಲಿ ಒಳ್ಳೆಯ ಪಾಠಗಳಿವೆ. ಆದರೆ ವಿಡಿಯೊ ಒಂದು ಕಡೆ ಓಡುತ್ತಿದ್ದರೆ ಶಿಕ್ಷಕಿ ಇನ್ನೊಂದು ಕಡೆ ಬಿಸಿಯೂಟದ ಲೆಕ್ಕ ಬರೆಯುತ್ತಿರುತ್ತಾರೆ. ಪ್ರಮಾಣಪತ್ರ ಬರುತ್ತದೆ. ಮರುದಿನದ ಪಾಠ ನಿನ್ನೆ ಇದ್ದಂತೆಯೇ ಇರುತ್ತದೆ.

ಇದಕ್ಕೆ ಶಿಕ್ಷಕರ ಸೋಮಾರಿತನ ಕಾರಣವೆಂದು ಹೇಳುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಇದು ಕರ್ನಾಟಕಕ್ಕೆ ಮಾತ್ರ ಅಂಟಿದ ಸಮಸ್ಯೆಯೂ ಅಲ್ಲ. ಅಮೆರಿಕದ ಶಿಕ್ಷಣ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದ ಆರಂಭದಲ್ಲಿ ಇದೇ ಪ್ರಶ್ನೆಯ ಬೆನ್ನು ಹತ್ತಿದರು. ತರಬೇತಿಯಲ್ಲಿ ಕಲಿತದ್ದು ತರಗತಿಗೆ ಯಾಕೆ ತಲುಪುವುದಿಲ್ಲ? ಅವರು ಕಂಡದ್ದು ಹೀಗೆ: ಉಪನ್ಯಾಸ ಕೇಳಿದರೆ ಶಿಕ್ಷಕರಿಗೆ ವಿಷಯ ತಿಳಿಯುತ್ತದೆ. ಪ್ರಾತ್ಯಕ್ಷಿಕೆ ನೋಡಿ, ತಾವೂ ಮಾಡಿ ನೋಡಿದರೆ ಕೌಶಲ ಬರುತ್ತದೆ. ಇಷ್ಟೆಲ್ಲ ಆದರೂ ತಮ್ಮದೇ ಮಕ್ಕಳ ಮುಂದೆ ಅದನ್ನು ನಿತ್ಯದ ರೂಢಿಯಾಗಿ ಬಳಸುವವರು ಬಹಳ ಕಡಿಮೆ. ಶಾಲೆಗೆ ಮರಳಿದ ಮೇಲೆ ಇನ್ನೊಬ್ಬ ಶಿಕ್ಷಕರ ಜೊತೆ ಸೇರಿ, ಒಬ್ಬರ ಪಾಠ ಇನ್ನೊಬ್ಬರು ನೋಡುತ್ತ, ಕೂಡಿ ಯೋಚಿಸುತ್ತ ಮುಂದುವರಿದವರಲ್ಲಿ ಮಾತ್ರ ಹೊಸ ಪದ್ಧತಿ ಬೇರೂರಿತು.

ಇದರ ಕಾರಣ ಮೇಷ್ಟ್ರುಗಿರಿ ಮಾಡಿದ ಯಾರಿಗೂ ಅರ್ಥವಾಗುತ್ತದೆ. ಹೊಸ ವಿಧಾನ ಮೊದಲ ದಿನ ಯಾವಾಗಲೂ ಕೈಕೊಡುತ್ತದೆ. ಗುಂಪು ಮಾಡಿ ಕೂರಿಸಿದರೆ ಮಕ್ಕಳು ಗಲಾಟೆ ಮಾಡುತ್ತಾರೆ, ಅಂದುಕೊಂಡಷ್ಟು ಪಾಠ ಸಾಗುವುದಿಲ್ಲ. ಆಗ ಒಬ್ಬರೇ ಇದ್ದರೆ ಹಳೆಯದೇ ವಾಸಿ ಎಂದು ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗುತ್ತೇವೆ. ಪಕ್ಕದಲ್ಲಿ ಇನ್ನೊಬ್ಬರಿದ್ದು, ‘ನಂಗೂ ನಿನ್ನೆ ಹಂಗೇ ಆಯ್ತು ಮೇಡಂ, ಗುಂಪಿಗೆ ನಾಲ್ಕು ಜನಾನೇ ಹಾಕಿ ನೋಡಿ’ ಎಂದರೆ ಮರುದಿನ ಮತ್ತೊಮ್ಮೆ ಪ್ರಯತ್ನಿಸುವ ಧೈರ್ಯ ಬರುತ್ತದೆ.

ನಮ್ಮ ಶಾಲೆಯಲ್ಲಿ ಇದು ಹೇಗೆ ನಡೆಯಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಐದನೇ ತರಗತಿಗೆ ಗಣಿತ ತೆಗೆದುಕೊಳ್ಳುತ್ತಿದ್ದವರು ಒಬ್ಬ ಅತಿಥಿ ಶಿಕ್ಷಕಿ. ವಯಸ್ಸಿನಲ್ಲಿ ನನ್ನ ಮಗಳಷ್ಟು. ನಾನು ಅವರ ಒಪ್ಪಿಗೆ ಕೇಳಿ ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ಬೋರ್ಡಿನ ಮೇಲೆ 403, ಅದರ ಕೆಳಗೆ 168, ಕಳೆಯುವ ಲೆಕ್ಕ. ನನ್ನ ಮುಂದೆ ಕೂತಿದ್ದ ಹುಡುಗ ಮೂರರಲ್ಲಿ ಎಂಟು ಹೋಗದ್ದನ್ನು ನೋಡಿ, ಅದನ್ನೇ ತಿರುಗಿಸಿ ಎಂಟರಲ್ಲಿ ಮೂರು ಕಳೆದು 5 ಬರೆದ. ಸೊನ್ನೆಯಲ್ಲಿ ಆರು ಹೋಗುವುದಿಲ್ಲವಲ್ಲ, ಆರನ್ನೇ ಕೆಳಗಿಳಿಸಿದ. ನಾಲ್ಕರಲ್ಲಿ ಒಂದು ಹೋಗಿ 3. ಉತ್ತರ 365. ಗಣಿತ ಕಲಿಸುವವರೆಲ್ಲ ಈ ಉತ್ತರವನ್ನು ನೂರಾರು ನೋಟ್‌ಬುಕ್‌ಗಳಲ್ಲಿ ಕಂಡಿರುತ್ತಾರೆ. ಬೋರ್ಡಿನ ಬಳಿ ನಿಂತವರಿಗೆ ಬರೆದು ಮುಗಿಸಿದ ಉತ್ತರ ಸಿಗುತ್ತದೆ. ಅದು ಅಂಕಿ ಅಂಕಿಯಾಗಿ ಹುಟ್ಟುವುದು ಕಾಣುವುದು ಮಗುವಿನ ಭುಜದ ಹಿಂದೆ ಕೂತವರಿಗೆ.

ಆ ಶಿಕ್ಷಕಿ ನೋಟ್‌ಬುಕ್‌ನಲ್ಲಿ ತಪ್ಪು ಗುರುತು ಹಾಕಲಿಲ್ಲ. ‘ನಿನ್ನ ಹತ್ರ 403 ರೂಪಾಯಿ ಇತ್ತು ಅಂತ ಇಟ್ಕೋ. ಅಂಗಡಿಗೆ 168 ಕೊಟ್ಟೆ. 365 ಉಳೀತು ಅಂತೀಯ. ಕೊಟ್ಟಿದ್ದು, ಉಳಿದಿದ್ದು ಎರಡೂ ಕೂಡಿಸಿ ನೋಡು’ ಎಂದರು. ಅವನು ಕೂಡಿಸಿದ. 533 ಬಂತು.

‘ಜಾಸ್ತಿ ಆಯ್ತು ಮಿಸ್.’

‘ಆ ಜಾಸ್ತಿ ದುಡ್ಡು ಎಲ್ಲಿಂದ ಬಂತು?’

ಅವನೂ ನಕ್ಕ, ಅಕ್ಕಪಕ್ಕದವರೂ ನಕ್ಕರು. ಆಮೇಲೆ ಶಿಕ್ಷಕಿ ರಟ್ಟಿನಲ್ಲಿ ಕತ್ತರಿಸಿ ಮಾಡಿದ ನೋಟುಗಳ ಡಬ್ಬಿ ತಂದು ಅವನ ಮುಂದೆ ನೂರರ ನಾಲ್ಕು ನೋಟು, ಒಂದು ರೂಪಾಯಿಯ ಮೂರು ಬಿಲ್ಲೆ ಇಟ್ಟರು. 168 ಕೊಡು ಎಂದರು. ಹತ್ತರ ನೋಟು ಒಂದೂ ಇಲ್ಲ. ಹುಡುಗ ಸ್ವಲ್ಪ ಹೊತ್ತು ನೋಡಿ, ‘ಚಿಲ್ಲರೆ ಮಾಡಿಸ್ಬೇಕು ಮಿಸ್’ ಎಂದ. ನೂರರ ಒಂದು ನೋಟಿಗೆ ಹತ್ತರ ಹತ್ತು ನೋಟು ಬಂದವು. ಅದರಲ್ಲಿ ಒಂದನ್ನು ಮುರಿಸಿದಾಗ ಹತ್ತು ಬಿಲ್ಲೆ ಬಂದವು. ಈಗ ಬೆಂಚಿನ ಮೇಲೆ ನೂರರ ಮೂರು, ಹತ್ತರ ಒಂಬತ್ತು, ಬಿಡಿಯಾಗಿ ಹದಿಮೂರು. ಸೊನ್ನೆ ಇದ್ದ ಜಾಗದಲ್ಲಿ ಒಂಬತ್ತು ಹೇಗೆ ಬರುತ್ತದೆ ಎಂಬುದೇ ಈ ಲೆಕ್ಕದ ಗಂಟು. ‘ಸೊನ್ನೆ ಹತ್ತಾಯಿತು, ಒಂದು ಕೊಟ್ಟು ಒಂಬತ್ತಾಯಿತು’ ಎಂದು ನಾವು ಬಾಯಿಪಾಠದಂತೆ ಹೇಳಿಕೊಡುವ ಆ ಒಂಬತ್ತು ಅವನ ಕಣ್ಣೆದುರು ಒಂಬತ್ತು ನೋಟಾಗಿ ಬಿದ್ದಿತ್ತು. 168 ಎಣಿಸಿ ಕೊಟ್ಟ. 235 ಉಳಿಯಿತು. ಯಾರೂ ಹೇಳದೆಯೇ ಅವನು 235ಕ್ಕೆ 168 ಕೂಡಿಸಿ 403 ಬಂತೆಂದು ತೋರಿಸಿದ.

ನನಗಿಂತ ತೀರಾ ಕಿರಿಯಳಾದ, ಕಾಯಂ ನೌಕರಿಯೂ ಇಲ್ಲದ ಆ ಶಿಕ್ಷಕಿಯಿಂದ ‘ಕೊಟ್ಟಿದ್ದು, ಉಳಿದಿದ್ದು ಕೂಡಿಸಿ ನೋಡು’ ಎಂಬ ಮಾತನ್ನು ನಾನು ನನ್ನ ತರಗತಿಗೆ ಒಯ್ದೆ. ಆಮೇಲೆ ನನ್ನ ಬಾಯಲ್ಲಿ ಅದೊಂದು ನಿತ್ಯದ ಮಾತಾಯಿತು. ಅವರಿಗೆ ನಾನು ಕೊಟ್ಟದ್ದು ಒಂದು ಹಾಳೆ. ಹಿಂದಿನ ಸಾಲಿನಲ್ಲಿ ಯಾವ ಮಗು ಪಕ್ಕದವರ ಪುಸ್ತಕ ನೋಡಿ 235 ಎಂದು ಬರೆಯಿತು, ಯಾರು ನೋಟುಗಳಲ್ಲಿ ಸರಿಯಾಗಿ ಎಣಿಸಿಯೂ ಬರೆಯಲು ಹೋಗಿ ತಡವರಿಸಿದರು ಎಂಬಿಷ್ಟನ್ನೇ ಅದರಲ್ಲಿ ಗುರುತು ಮಾಡಿದ್ದೆ. ಪಾಠ ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ ಎಂಬ ಒಂದು ಸಾಲೂ ಇರಲಿಲ್ಲ. ಹಾಳೆ ಅವರದು, ಅವರ ಬಳಿಯೇ ಉಳಿಯಿತು.

ಮುಂದಿನ ವಾರ ಅವರು ನನ್ನ ಏಳನೇ ತರಗತಿಗೆ ಬಂದು ಕೂತರು. 240ರ ಶೇಕಡಾ 15 ಎಷ್ಟು ಎಂಬ ಲೆಕ್ಕ. 15ನ್ನು 100ರಿಂದ ಭಾಗಿಸಿ 240ರಿಂದ ಗುಣಿಸುವ ಕ್ರಮವನ್ನು ನಾನು ಬೋರ್ಡಿನ ಮೇಲೆ ಬಿಡಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪಕ್ಕದವಳಿಗೆ ಪಿಸುದನಿಯಲ್ಲಿ ಹೇಳುತ್ತಿದ್ದಳಂತೆ: ‘ನೂರಕ್ಕೆ ಹತ್ತು ಅಂದ್ರೆ 24. ಅದರರ್ಧ 12. ಎರಡೂ ಸೇರಿ 36.’ ಅಷ್ಟು ದೂರದ ಮಾತು ಬೋರ್ಡಿನ ಬಳಿಗೆ ಕೇಳುವಂಥದ್ದಲ್ಲ. ಅತಿಥಿ ಶಿಕ್ಷಕಿ ಕೇಳಿಸಿಕೊಂಡು ನನಗೆ ಹೇಳಿದರು. ಮರುದಿನ ಆ ಹುಡುಗಿಯೇ ಬೋರ್ಡಿನ ಮುಂದೆ ನಿಂತು ತನ್ನ ದಾರಿಯನ್ನು ವಿವರಿಸಿದಳು. ಇಡೀ ತರಗತಿ ಶೇಕಡಾ ಲೆಕ್ಕವನ್ನು ಮನಸ್ಸಿನಲ್ಲೇ ಮಾಡತೊಡಗಿತು.

ಇಲ್ಲಿ ನಡೆದದ್ದರಲ್ಲಿ ಖರ್ಚಿನ ಬಾಬತ್ತಿಲ್ಲ. ಟಿಎ, ಡಿಎ ಇಲ್ಲ, ಒಒಡಿ (ಅನ್ಯ ಕಾರ್ಯ ನಿಮಿತ್ತ) ಇಲ್ಲ, ಮಾಡ್ಯೂಲ್ ಇಲ್ಲ. ನೋಡಲು ಬಂದವರು ಮೇಷ್ಟ್ರ ಕುಂದು ಹುಡುಕದೆ ಮಕ್ಕಳನ್ನು ಗಮನಿಸಿದರು. ಈ ಒಂದು ಅಂಶವನ್ನು ನಾನು ಒತ್ತಿ ಹೇಳಬೇಕು. ನಮ್ಮಲ್ಲಿ ತರಗತಿಗೆ ಹೊರಗಿನವರು ಕಾಲಿಟ್ಟರೆ ಅದು ಪರಿವೀಕ್ಷಣೆ ಎಂದೇ ಅರ್ಥ. ಅಧಿಕಾರಿಗಳು ಬರುತ್ತಾರೆ, ಮಗುವಿಗೆ ಎರಡು ಪ್ರಶ್ನೆ ಕೇಳುತ್ತಾರೆ, ಸಂದರ್ಶನ ವಹಿಯಲ್ಲಿ ‘ಕಲಿಕಾ ಮಟ್ಟ ಸುಧಾರಿಸಬೇಕು’ ಎಂದು ಬರೆದು ಸಹಿ ಹಾಕುತ್ತಾರೆ. ಹೇಗೆ ಸುಧಾರಿಸಬೇಕು ಎಂಬುದು ಆ ವಹಿಯಲ್ಲಿ ಇರುವುದಿಲ್ಲ. ಇದರಿಂದಾಗಿ ಬಾಗಿಲಲ್ಲಿ ನೆರಳು ಕಂಡರೆ ಸಾಕು, ಶಿಕ್ಷಕರ ದನಿ ಬದಲಾಗುತ್ತದೆ, ಮಕ್ಕಳೂ ನೆಟ್ಟಗೆ ಕೂರುತ್ತಾರೆ. ಸಹೋದ್ಯೋಗಿ ಬಂದರೂ ಅದೇ ಅಳುಕು.

ಮೊದಲು ಹೇಳಿದ ಜಾಯ್ಸ್ ಮತ್ತು ಶವರ್ಸ್ ಅವರಿಗೂ ಇದೇ ಅನುಭವವಾಯಿತು. ಶಿಕ್ಷಕರು ಪರಸ್ಪರ ಪಾಠ ನೋಡಿ ಅಭಿಪ್ರಾಯ ಹೇಳಬೇಕು ಎಂದು ಅವರು ಮೊದಲು ಸೂಚಿಸಿದ್ದರು. ವರ್ಷಗಳ ಕೆಲಸದ ನಂತರ 1996ರ ಲೇಖನವೊಂದರಲ್ಲಿ ಆ ಭಾಗವನ್ನೇ ಕೈಬಿಟ್ಟದ್ದಾಗಿ ಬರೆದರು. ಸಹೋದ್ಯೋಗಿಗಳು ಅಭಿಪ್ರಾಯ ಹೇಳಲು ಶುರು ಮಾಡಿದ ಕೂಡಲೇ ಅವರಿಗೇ ತಿಳಿಯದಂತೆ ಮೇಲಧಿಕಾರಿಯ ದನಿ ಬಂದುಬಿಡುತ್ತಿತ್ತು, ಜೊತೆಗೂಡಿ ಕೆಲಸ ಮಾಡುವ ಹುರುಪು ಕುಂದುತ್ತಿತ್ತು. ಅದಕ್ಕೆ ಅವರು ಸಂಬಂಧವನ್ನೇ ತಿರುಗಿಸಿದರು. ಪಾಠ ಮಾಡುತ್ತಿರುವವರೇ ಆ ಹೊತ್ತಿನ ಗುರು, ನೋಡುತ್ತಿರುವವರು ಕಲಿಯಲು ಬಂದವರು. ನೋಡಿದವರು ತೀರ್ಪು ಕೊಡಬೇಕಿಲ್ಲ, ತಮ್ಮ ಪಾಠಕ್ಕೆ ಏನು ಒಯ್ಯಬಹುದು ಎಂದು ಯೋಚಿಸಿದರೆ ಸಾಕು.

ಸಹೋದ್ಯೋಗಿಗಳ ನಡುವಿನ ಕಲಿಕೆಯ ಬಗ್ಗೆ ಓದಿದ್ದರಲ್ಲೆಲ್ಲ ನನಗೆ ಅತ್ಯಂತ ಉಪಯುಕ್ತ ಎನಿಸಿದ ಸೂತ್ರ ಇದು. ಹೀಗೆ ಮಾಡಿದಾಗ ಹಿರಿಯರಿಗೆ ಕಿರಿಯರ ಮುಂದೆ ತಲೆ ತಗ್ಗಿಸಿದಂತೆ ಆಗುವುದಿಲ್ಲ, ಕಿರಿಯರಿಗೆ ಹಿರಿಯರನ್ನು ತಿದ್ದುವ ಮುಜುಗರ ಬರುವುದಿಲ್ಲ. ಬಿ.ಇಡಿ ಮಾಡಿದವರು, ಡಿ.ಇಡಿ ಮಾಡಿದವರು, ಕಾಯಂ ಆದವರು, ಅತಿಥಿಯಾಗಿ ಬಂದವರು ಎಂಬ ಮೇಲುಕೀಳು ಆ ಒಂದು ಪಿರಿಯಡ್‌ನ ಮಟ್ಟಿಗಾದರೂ ಕರಗುತ್ತದೆ.

ಜಪಾನಿನ ಶಾಲೆಗಳಲ್ಲಿ ಇದು ನೂರು ವರ್ಷಕ್ಕೂ ಹಿಂದಿನ ರೂಢಿ. ಅಲ್ಲಿ ಅದನ್ನು ‘ಜುಗ್ಯೋ ಕೆಂಕ್ಯೂ’ ಎನ್ನುತ್ತಾರೆ. ಕೆಲವು ಶಿಕ್ಷಕರು ಸೇರಿ ಒಂದು ಪಾಠವನ್ನು ವಾರಗಟ್ಟಲೆ ಕೂಡಿ ಯೋಜಿಸುತ್ತಾರೆ. ಒಬ್ಬರು ಅದನ್ನು ತರಗತಿಯಲ್ಲಿ ಮಾಡುತ್ತಾರೆ. ಉಳಿದವರು ಗೋಡೆಯ ಪಕ್ಕ, ಮಕ್ಕಳ ಹಿಂದೆ ನಿಂತು ಯಾವ ಪ್ರಶ್ನೆಗೆ ಯಾವ ಮಗು ಏನು ಮಾಡಿತು ಎಂದು ಬರೆದುಕೊಳ್ಳುತ್ತಾರೆ. ಆಮೇಲೆ ಕೂತು ಚರ್ಚೆ ಮಾಡಿ ಪಾಠವನ್ನು ತಿದ್ದುತ್ತಾರೆ. ಪಾಠ ಎಲ್ಲರೂ ಸೇರಿ ಕಟ್ಟಿದ್ದು. ಆದ್ದರಿಂದ ಅದು ಎಡವಿದರೆ ಯಾರೊಬ್ಬರ ಮರ್ಯಾದೆಯೂ ಹೋಗುವುದಿಲ್ಲ. ಜೇಮ್ಸ್ ಸ್ಟಿಗ್ಲರ್ ಮತ್ತು ಜೇಮ್ಸ್ ಹೀಬರ್ಟ್ 1999ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಪದ್ಧತಿ ಜಗತ್ತಿನ ಬೇರೆ ಕಡೆಯ ಶಿಕ್ಷಕರಿಗೂ ಪರಿಚಯವಾಯಿತು.

ಜಪಾನಿನ ಮಾತು ಬಂದರೆ ‘ಅಲ್ಲಿನದು ಬೇರೆ ಬಿಡಿ ಮೇಡಂ’ ಎನ್ನುವವರಿಗೆ ನಮ್ಮದೇ ಎಚ್.ಡಿ. ಕೋಟೆಯ ಉದಾಹರಣೆ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋದರು. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕೂತು ನೋಡಿದರು. ಊರಿಗೆ ಮರಳಿ, ಯುನಿಸೆಫ್ ನೆರವಿನೊಂದಿಗೆ, ತಾವೇ ಸೇರಿ ಕನ್ನಡದ ಕಾರ್ಡು, ಹಾಡು, ಆಟಗಳನ್ನು ಸಿದ್ಧಪಡಿಸಿದರು. ಅದೇ ನಲಿ ಕಲಿ. 2009–10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ವಿಸ್ತರಿಸಿತು. ಕರ್ನಾಟಕದ ಪ್ರಾಥಮಿಕ ಶಿಕ್ಷಣದಲ್ಲಿ ಆದ ಬಹು ದೊಡ್ಡ ಬದಲಾವಣೆಯೊಂದು ಶುರುವಾದದ್ದು ಶಿಕ್ಷಕರು ಶಿಕ್ಷಕರ ತರಗತಿಯನ್ನು ನೋಡಿ ಕಲಿತದ್ದರಿಂದ. ಆದೇಶ, ಮಾಡ್ಯೂಲ್ ಎಲ್ಲ ಬಂದದ್ದು ಆಮೇಲೆ.

ನಲಿ ಕಲಿ ಕೋಣೆಗೆ ಹೋದವರಿಗೆ ಅಲ್ಲಿನ ‘ತಟ್ಟೆ’ಗಳು ಗೊತ್ತಿರುತ್ತವೆ. ಮಕ್ಕಳು ಐದು ಗುಂಪಾಗಿ ಕೂರುತ್ತಾರೆ. ಒಂದನೇ ತಟ್ಟೆಯವರಿಗೆ ಶಿಕ್ಷಕರ ಪೂರ್ಣ ಬೆಂಬಲ, ಎರಡನೆಯದಕ್ಕೆ ಭಾಗಶಃ ಬೆಂಬಲ. ಮುಂದಿನ ಎರಡು ಸಹಪಾಠಿ ಬೆಂಬಲದ ತಟ್ಟೆಗಳು. ಕೊನೆಯದು ಸ್ವ-ಕಲಿಕೆಯದು. ಒಂದನೇ ತರಗತಿಯ ಮಗು ಕೂಡ ಕಾರ್ಡು ಹಿಡಿದು ಜೊತೆಯವರ ಬಳಿ ಕೂತು ‘ಇದು ಹೆಂಗೆ, ತೋರ್ಸು’ ಎನ್ನುತ್ತದೆ. ತೋರಿಸಿದ ಮಗುವಿಗೂ ಪಾಠ ಇನ್ನಷ್ಟು ಗಟ್ಟಿಯಾಗುತ್ತದೆ. ಕಲಿಕೆ ಹೀಗೆ ಆಗುತ್ತದೆ ಎಂದು ನಂಬಿ ಆರು ವರ್ಷದ ಮಕ್ಕಳಿಗೆ ಈ ವ್ಯವಸ್ಥೆ ಮಾಡಿದ ಇಲಾಖೆ, ಆ ಮಕ್ಕಳಿಗೆ ಕಲಿಸುವವರಿಗೆ ಒಂದನೇ ತಟ್ಟೆ ಮತ್ತು ಐದನೇ ತಟ್ಟೆಯನ್ನು ಮಾತ್ರ ಇಟ್ಟಿದೆ. ಒಂದೋ ಸಭಾಂಗಣದಲ್ಲಿ ಕೂತು ಕೇಳಿ, ಇಲ್ಲವೇ ಮೊಬೈಲ್ ಹಿಡಿದು ನಿಮ್ಮಷ್ಟಕ್ಕೆ ಕಲಿಯಿರಿ. ನಡುವಿನ ಸಹಪಾಠಿ ತಟ್ಟೆ ಎಲ್ಲಿ ಹೋಯಿತು?

ಅದಕ್ಕೆಂದೇ ಹುಟ್ಟಿದ ವ್ಯವಸ್ಥೆ ಇರಲಿಲ್ಲವೆಂದಲ್ಲ. ಅಕ್ಕಪಕ್ಕದ ಶಾಲೆಗಳು ಸೇರಿ ಒಂದು ಸಂಕೀರ್ಣವಾಗಿ ಪರಸ್ಪರ ನೆರವಾಗಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. 1990ರ ದಶಕದಲ್ಲಿ ಡಿಪಿಇಪಿ ಯೋಜನೆಯ ಕಾಲಕ್ಕೆ ಕ್ಲಸ್ಟರ್ ಸಂಪನ್ಮೂಲ ಕೇಂದ್ರಗಳು ಬಂದವು. ಹತ್ತಿರದ ಶಾಲೆಗಳ ಶಿಕ್ಷಕರು ಸಮಾಲೋಚನಾ ಸಭೆಯಲ್ಲಿ ಸೇರಿ ಪಾಠದ ಕಷ್ಟಸುಖ ಹಂಚಿಕೊಳ್ಳಲಿ ಎಂಬುದು ಅದರ ಆಶಯ. ಒಳ್ಳೆಯ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಇದ್ದ ಕಡೆ ಆ ಸಭೆಗಳಿಗಾಗಿ ಶಿಕ್ಷಕರು ಕಾಯುತ್ತಿದ್ದ ಕಾಲವಿತ್ತು. ಒಬ್ಬರು ಮಾದರಿ ಪಾಠ ಮಾಡುತ್ತಿದ್ದರು, ಮಿಕ್ಕವರು ಮಕ್ಕಳ ಜಾಗದಲ್ಲಿ ಕೂರುತ್ತಿದ್ದರು. ಈಗ ಎಷ್ಟೋ ಕಡೆ ಸಭೆ ಎಂದರೆ ಸ್ಯಾಟ್ಸ್ ಮಾಹಿತಿ ತುಂಬಿದಿರಾ, ಯುಡೈಸ್ ನಮೂನೆ ಕೊಟ್ಟಿರಾ, ಆಧಾರ್ ಜೋಡಣೆ ಎಷ್ಟು ಬಾಕಿ ಎಂಬ ವಿಚಾರಣೆ. ಸಿಆರ್‌ಪಿಗಳೂ ಮೂಲತಃ ಶಿಕ್ಷಕರೇ. ಮಾಹಿತಿ ಸಂಗ್ರಹದಲ್ಲೇ ಅವರ ದಿನ ಮುಗಿಯುತ್ತದೆ. ಅವರನ್ನು ದೂರಿ ಪ್ರಯೋಜನವಿಲ್ಲ.

ಇಂದು ಶಿಕ್ಷಕರ ನಡುವೆ ಸಂಪರ್ಕ ಕಡಿಮೆ ಎಂದೂ ಹೇಳಲಾಗದು. ಪ್ರತಿಯೊಬ್ಬರ ಫೋನಿನಲ್ಲೂ ನಾಲ್ಕೈದು ವಾಟ್ಸ್‌ಆ್ಯಪ್ ಗುಂಪುಗಳಿವೆ. ಪಾಠ ಯೋಜನೆ, ಪ್ರಶ್ನೆಪತ್ರಿಕೆ, ಸುತ್ತೋಲೆ ಎಲ್ಲ ಕ್ಷಣದಲ್ಲಿ ಸಿಗುತ್ತವೆ. ಅದರಿಂದ ಉಪಕಾರವಾಗಿದೆ. ಆದರೆ 403ರ ಸೊನ್ನೆಯ ಬಳಿ ಒಂದು ಮಗು ಹೇಗೆ ನಿಂತುಬಿಡುತ್ತದೆ ಎಂಬುದನ್ನು ಯಾವ ಪಿಡಿಎಫ್‌ನಲ್ಲೂ ಕಳಿಸಲಾಗದು.

ಇದನ್ನೆಲ್ಲ ಹೇಳಿದಾಗ ಮೂರು ಆಕ್ಷೇಪಗಳು ಬರುತ್ತವೆ. ಮೊದಲನೆಯದು ಸಮಯದ್ದು. ಶಿಕ್ಷಕರಿಗೆ ಪುರುಸೊತ್ತೆಲ್ಲಿದೆ? ಕಾನೂನು ಇದಕ್ಕೆ ಉತ್ತರ ಕೊಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಿಕ್ಷಕರ ಕೆಲಸ ವಾರಕ್ಕೆ 45 ಗಂಟೆ ಎಂದಿದೆ, ಮತ್ತು ಪಾಠದ ಸಿದ್ಧತೆಯ ಹೊತ್ತೂ ಅದರಲ್ಲಿ ಸೇರಿದೆ. ಸಹೋದ್ಯೋಗಿಯ ಪಾಠ ನೋಡಿ ತನ್ನ ಪಾಠವನ್ನು ಹದಗೊಳಿಸಿಕೊಳ್ಳುವುದಕ್ಕಿಂತ ದೊಡ್ಡ ಸಿದ್ಧತೆ ಯಾವುದಿದೆ? ಅದೇ ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವಿಷ್ಟನ್ನು ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದು ಎನ್ನುತ್ತದೆ. ಇದನ್ನು ಅಕ್ಷರಶಃ ಪಾಲಿಸಿದರೆ ವಾರಕ್ಕೆ ಒಂದು ಪಿರಿಯಡ್ ಹುಡುಕಬೇಕಾಗಿಯೇ ಬರುವುದಿಲ್ಲ.

ಎರಡನೆಯದು ಸಣ್ಣ ಶಾಲೆಗಳ ಪ್ರಶ್ನೆ. ಇದು ನಿಜವಾದ ಕಷ್ಟ. 60 ಮಕ್ಕಳ ತನಕ ಇಬ್ಬರೇ ಶಿಕ್ಷಕರು ಎಂಬುದು ಕಿರಿಯ ಪ್ರಾಥಮಿಕ ಶಾಲೆಗೆ ಕಾಯ್ದೆ ಹೇಳುವ ಲೆಕ್ಕ. ಅವರಲ್ಲೊಬ್ಬರು ರಜೆ ಹಾಕಿದರೆ ಇಡೀ ಶಾಲೆ ಒಬ್ಬರ ತಲೆಯ ಮೇಲೆ. ಇಂಥ ಕಡೆ ಅಕ್ಕಪಕ್ಕದ ಎರಡು ಶಾಲೆಗಳನ್ನು ಜೋಡಿ ಮಾಡಿ, ತಿಂಗಳಿಗೆ ಒಮ್ಮೆಯಾದರೂ ಒಬ್ಬರು ಇನ್ನೊಂದು ಶಾಲೆಗೆ ಹೋಗುವ ಏರ್ಪಾಡು ಮಾಡಬಹುದು. ಆ ಹೊತ್ತಿಗೆ ಸಿಆರ್‌ಪಿ ಬಂದು ತರಗತಿ ನೋಡಿಕೊಂಡರೆ ಅವರಿಗೂ ಮಕ್ಕಳ ಮುಂದೆ ನಿಲ್ಲುವ ಅವಕಾಶ ಸಿಗುತ್ತದೆ. ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಮತ್ತು ಬಿ.ಇಡಿ ಕಾಲೇಜಿನ ಪ್ರಶಿಕ್ಷಣಾರ್ಥಿಗಳು ಇಂಟರ್ನ್‌ಶಿಪ್‌ಗೆ ಶಾಲೆಗಳಿಗೆ ಬರುತ್ತಾರೆ. ಆ ವಾರಗಳನ್ನು ಇದಕ್ಕೆ ಬಳಸಬಹುದು. ದಾರಿಗಳಿವೆ. ಮೊದಲು ಇದು ಮಾಡಬೇಕಾದ ಕೆಲಸ ಎಂದು ಯಾರಾದರೂ ತೀರ್ಮಾನಿಸಬೇಕು.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಇಬ್ಬರೂ ಅರೆಬರೆ ತಿಳಿದವರಾದರೆ ಕುರುಡರು ಕುರುಡರಿಗೆ ದಾರಿ ತೋರಿದಂತಾಗುವುದಿಲ್ಲವೇ? ಇದನ್ನು ಅಲ್ಲಗಳೆಯಲಾರೆ. ಭಿನ್ನರಾಶಿಯೇ ಗೊಂದಲವಿರುವ ಇಬ್ಬರು ಎಷ್ಟು ಸಲ ಕೂಡಿ ಕೂತರೂ ಭಿನ್ನರಾಶಿ ತಿಳಿಯಾಗುವುದಿಲ್ಲ. ಆದ್ದರಿಂದಲೇ ತರಬೇತಿ ಬೇಡ ಎಂದು ನಾನು ಹೇಳುತ್ತಿಲ್ಲ. ವಿಷಯ ಬಲ್ಲವರು ಬಂದು ಕಲಿಸಲಿ, ಡಯಟ್‌ಗಳು ಆ ಕೆಲಸವನ್ನು ಇನ್ನೂ ಗಟ್ಟಿಯಾಗಿ ಮಾಡಲಿ. ಯಾದಗಿರಿ ಜಿಲ್ಲೆಯಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ಶಿಕ್ಷಕರ ಕಲಿಕಾ ಕೇಂದ್ರಗಳಲ್ಲಿ ನಡೆಯುವಂತೆ, ಶಾಲೆ ಬಿಟ್ಟ ಮೇಲೆ ಶಿಕ್ಷಕರು ಸ್ವಂತ ಆಸಕ್ತಿಯಿಂದ ಬಂದು ಪುಸ್ತಕ, ಪ್ರಯೋಗ, ಚರ್ಚೆಗಳಲ್ಲಿ ತೊಡಗುವ ಜಾಗಗಳು ಪ್ರತಿ ತಾಲ್ಲೂಕಿನಲ್ಲೂ ಆಗಲಿ. ಆದರೆ ಅಲ್ಲಿ ಕಲಿತದ್ದು ಬೆಳಗಿನ ಮೊದಲ ಪಿರಿಯಡ್ ಮುಟ್ಟಬೇಕಾದರೆ ಶಾಲೆಯೊಳಗೆ ಜೊತೆಗಾರರು ಬೇಕೇ ಬೇಕು. ಇನ್ನೊಂದು ಮಾತು: ಮಕ್ಕಳನ್ನು ಹತ್ತಿರದಿಂದ ನೋಡುತ್ತ ಕೂತವರಿಗೆ ತಮಗೆ ಏನು ಗೊತ್ತಿಲ್ಲ ಎಂಬುದು ಬೇಗ ತಿಳಿಯುತ್ತದೆ. ಆಮೇಲೆ ಹೋದ ತರಬೇತಿಯಲ್ಲಿ ಅವರು ಕೇಳುವ ಪ್ರಶ್ನೆಗಳೇ ಬೇರೆ.

ಇದು ಊರ್ಜಿತವಾಗಲು ಇಲಾಖೆ ಮಾಡಬೇಕಾದದ್ದು ನಾಲ್ಕು ಕೆಲಸ. ಶಾಲಾ ಟೈಮ್‌ಟೇಬಲ್‌ನಲ್ಲಿ ಈ ಪಿರಿಯಡ್‌ಗೆ ಹೆಸರಿಟ್ಟು ಜಾಗ ಕೊಡಲಿ. ಶಿಕ್ಷಣ ನೀತಿಯ 50 ಗಂಟೆಗಳಲ್ಲಿ ಒಂದು ಪಾಲಾಗಿ ಇದನ್ನು ಲೆಕ್ಕಕ್ಕೆ ಹಿಡಿಯಲಿ. ಸಮಾಲೋಚನಾ ಸಭೆಯ ಅರ್ಧ ಹೊತ್ತಾದರೂ ಪಾಠಕ್ಕೇ ಮೀಸಲಾಗಲಿ, ಅಂಕಿಅಂಶದ ಮಾತು ಆ ಹೊತ್ತಿಗೆ ಎತ್ತಕೂಡದು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಈ ಪಿರಿಯಡ್‌ಗೆ ನಮೂನೆ ಬೇಡ, ಫೋಟೊ ಬೇಡ, ಅಪ್‌ಲೋಡ್ ಬೇಡ. ನೋಡಿದವರು ಬರೆದದ್ದು ಪಾಠ ಮಾಡಿದವರ ಕೈ ಸೇರಲಿ, ಮೇಲಿನ ಕಚೇರಿಗೆ ಹೋಗದಿರಲಿ. ಎಂದು ಇದಕ್ಕೊಂದು ನಮೂನೆ ಬಂದು, ‘ಎಷ್ಟು ತರಗತಿ ವೀಕ್ಷಿಸಿದಿರಿ’ ಎಂಬ ಕಾಲಂ ತುಂಬುವ ಹಾಗಾಗುತ್ತದೋ ಅಂದೇ ಶಿಕ್ಷಕರು ಪರಸ್ಪರ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಇಲಾಖೆ ನಂಬಿಕೆ ಇಟ್ಟು ಬಿಟ್ಟುಕೊಡಬೇಕಾದ ಜಾಗ ಇದು.

ಹೊಸದಾಗಿ ನೇಮಕವಾದವರಿಗಂತೂ ಮೊದಲ ವರ್ಷ ವಾರಕ್ಕೆ ಒಂದು ಪಿರಿಯಡ್ ಸಾಲದು. ಕೌನ್ಸೆಲಿಂಗ್‌ನಲ್ಲಿ ಊರು ಆರಿಸಿಕೊಂಡು, ಗುರುತು ಪರಿಚಯವಿಲ್ಲದ ಹಳ್ಳಿಗೆ ಬಂದಿಳಿಯುವ ಇಪ್ಪತ್ತೈದರ ಆಸುಪಾಸಿನ ಹುಡುಗ ಹುಡುಗಿಯರ ಕೈಗೆ ಹಾಜರಿ ಪುಸ್ತಕ ಕೊಟ್ಟು, ‘ಅದೋ ನಿಮ್ಮ ಕ್ಲಾಸು’ ಎಂದು ತೋರಿಸಿದರೆ ನಮ್ಮ ಹೊಣೆ ಮುಗಿಯಿತೆಂದು ನಾವು ತಿಳಿದಿದ್ದೇವೆ. ಮೊದಲ ವರ್ಷ ಬಿದ್ದ ರೂಢಿ ಕೊನೆಯವರೆಗೂ ಉಳಿಯುತ್ತದೆ. ಆ ವರ್ಷ ಅವರು ಪ್ರತಿದಿನ ಯಾರಾದರೊಬ್ಬರ ತರಗತಿಯಲ್ಲಿ ಕೂತು ನೋಡುವಂತಾದರೆ ಮುಂದಿನ ಮೂವತ್ತು ವರ್ಷಗಳ ಮಕ್ಕಳಿಗೆ ಅದರ ಫಲ ಸಿಗುತ್ತದೆ.

ಆದೇಶ ಬರುವ ತನಕ ಮುಖ್ಯ ಶಿಕ್ಷಕರು ಕಾಯಬೇಕಿಲ್ಲ. ಜೂನ್‌ನಲ್ಲಿ ಟೈಮ್‌ಟೇಬಲ್ ಬರೆಯುವ ಅಧಿಕಾರ ಅವರದ್ದೇ. ದೈಹಿಕ ಶಿಕ್ಷಕರಿದ್ದ ಕಡೆ ಆಟದ ಪಿರಿಯಡ್‌ಗೆ ಎರಡು ತರಗತಿ ಒಟ್ಟು ಸೇರಿಸಿದರೆ ಒಬ್ಬ ಶಿಕ್ಷಕರು ಬಿಡುವಾಗುತ್ತಾರೆ. ಓದುವ ಪಿರಿಯಡ್‌ನಲ್ಲಿ ಹಿರಿಯ ಮಕ್ಕಳನ್ನು ಕಿರಿಯರ ಜೊತೆ ಕೂರಿಸಿದರೆ ಇನ್ನೊಬ್ಬರು ಬಿಡುವಾಗುತ್ತಾರೆ. ನಮ್ಮ ಶಾಲೆಯಲ್ಲಿ ಹೀಗೇ ಮಾಡಿದೆವು. ಮೊದಲು ಯಾರೂ ಒಪ್ಪದಿದ್ದರೆ ಮುಖ್ಯ ಶಿಕ್ಷಕರೇ ತಮ್ಮ ತರಗತಿಯ ಬಾಗಿಲು ತೆರೆದು, ‘ಈ ವಾರ ನನ್ನ ಕ್ಲಾಸಿಗೆ ಬನ್ನಿ, ಹಿಂದಿನ ಬೆಂಚಿನ ಮಕ್ಕಳು ಏನು ಮಾಡ್ತಾರೆ ಅಂತ ನೋಡಿ ನನಗೆ ಹೇಳಿ’ ಎಂದು ಸಹೋದ್ಯೋಗಿಗಳನ್ನು ಕರೆಯಲಿ. ಎಲ್ಲರಿಗಿಂತ ಹಿರಿಯರೇ ಕಲಿಯಲು ಮುಂದಾದರೆ ಮಿಕ್ಕವರ ಅಳುಕು ತಾನಾಗಿ ಹೋಗುತ್ತದೆ. ಈ ವರ್ಷ ಇಬ್ಬರು ಶುರು ಮಾಡಲಿ. ಅವರ ತರಗತಿಯ ಮಕ್ಕಳಲ್ಲಿ ಆಗುವ ಬದಲಾವಣೆಯನ್ನು ಕಂಡು ಮುಂದಿನ ವರ್ಷ ಉಳಿದವರೂ ಆ ಪಿರಿಯಡ್ ತಮಗೂ ಬೇಕೆಂದು ಕೇಳಿಕೊಂಡು ಬರುತ್ತಾರೆ.